ಮೃಗಶಿರೆಗೆ ಮೊದಲು: ಮಲೆನಾಡಿನ ಎರಡೆಕರೆ ಮನೆ-ತೋಟವನ್ನು ಮಳೆಗೆ ಸಜ್ಜು ಮಾಡುವ ಬಗೆ

ಒಂದು ಎಕರೆ ಜಾಗದ ಮೇಲೆ 1 ಇಂಚು ಮಳೆ ಬಿದ್ದರೆ ಅದು 1 ಲಕ್ಷ ಲೀಟರಿಗೂ ತುಸು ಹೆಚ್ಚು ನೀರು. ಸಕಲೇಶಪುರ, ಮೂಡಿಗೆರೆ ಕಡೆ ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆ ಹಿಡಿದಾಗ ದಿನಕ್ಕೆ ನಾಲ್ಕೈದು ಇಂಚು ಸುರಿಯುವುದು ಅಪರೂಪವಲ್ಲ. ಎರಡೆಕರೆಗೆ 5 ಇಂಚು ಎಂದರೆ ಒಂದೇ ದಿನ 10 ಲಕ್ಷ ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ 200 ಸಲ ಬಂದು ಸುರಿದು ಹೋದ ಹಾಗೆ. ಇಷ್ಟು ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದು ಮೇ ತಿಂಗಳಲ್ಲೇ ತೀರ್ಮಾನವಾಗಬೇಕು. ಹೊಸದಾಗಿ ಜಾಗ ಕೊಂಡವರು, ಊರಿಗೆ ಮರಳಿದವರು ಬೇಸಿಗೆಯಲ್ಲಿ ಮನೆಗೆ ಬಣ್ಣ ಹೊಡೆಸಿ, ಅಂಗಳಕ್ಕೆ ಹೂಗಿಡ ತರುವುದರಲ್ಲೇ ದಿನ ಕಳೆಯುತ್ತಾರೆ. ಕಾಲುವೆ, ಸೌದೆ, ಅಡಿಕೆಗೆ ಔಷಧಿ, ಈ ಮೂರು ಆಗದೆ ಉಳಿದರೆ ಜುಲೈಯಲ್ಲಿ ಯಾವುದನ್ನೂ ಸರಿಪಡಿಸಲು ಬರುವುದಿಲ್ಲ. ಆಳು ಸಿಗುವುದು ಕಡಿಮೆಯಿದ್ದರೆ ಇದೇ ಅನುಕ್ರಮದಲ್ಲಿ ಕೆಲಸ ಮಾಡಿಸಿ.

ಇಲ್ಲಿ ಹೇಳುವುದು ವರ್ಷಕ್ಕೆ 80 ಇಂಚು ದಾಟುವ ಜಾಗಗಳಿಗೆ. ಅರಸೀಕೆರೆ, ಕಡೂರಿನ ಕಡೆ 25-30 ಇಂಚು ಬಿದ್ದರೆ ಒಳ್ಳೆಯ ವರ್ಷ. ಅಲ್ಲಿ ನೀರನ್ನು ಹೊರಗೆ ಕಳಿಸುವ ಮಾತೇ ಇಲ್ಲ, ಬದು ಕಟ್ಟಿ ನಿಲ್ಲಿಸಬೇಕು. ಬೇಲೂರು, ಆಲೂರಿನಂಥ ಅರೆಮಲೆನಾಡಿನವರು ತಮ್ಮ ಜಾಗದ ಇಳಿಜಾರು ನೋಡಿ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಮಳೆ ನಕ್ಷತ್ರಗಳ ದಿನಗಳ ಲೆಕ್ಕ ಹೀಗಿದೆ: ಭರಣಿ ಏಪ್ರಿಲ್ 27ರ ಸುಮಾರಿಗೆ ಹುಟ್ಟುತ್ತದೆ, ಕೃತ್ತಿಕೆ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ, ಮೃಗಶಿರೆ ಜೂನ್ 8ಕ್ಕೆ, ಆರಿದ್ರೆ ಜೂನ್ 22ಕ್ಕೆ. ಭರಣಿಯಿಂದ ರೋಹಿಣಿ ಮುಗಿಯುವವರೆಗೆ ಆರು ವಾರ ಸಿಗುತ್ತದೆ. ಅದರಲ್ಲಿ ಮಧ್ಯಾಹ್ನದ ಗುಡುಗು ಮಳೆ ತಿನ್ನುವ ದಿನಗಳನ್ನು ಕಳೆದರೆ ಕೈಯಲ್ಲಿ ಉಳಿಯುವುದು ನಾಲ್ಕು ವಾರದ ಕೆಲಸ.

ನೀರಿನ ದಾರಿ

ಭರಣಿಯದೋ ಕೃತ್ತಿಕೆಯದೋ ಒಂದು ಜೋರು ಮಳೆ ಬರುವಾಗ ಕೊಡೆ ಹಿಡಿದು ಜಾಗದ ಮೇಲ್ತುದಿಯಿಂದ ಕೆಳತುದಿಯವರೆಗೆ ನಡೆಯಿರಿ. ಬಿಸಿಲಿನಲ್ಲಿ ಕಾಣದ್ದೆಲ್ಲ ಆಗ ಕಾಣುತ್ತದೆ: ಪಕ್ಕದ ತೋಟದ ನೀರು ಯಾವ ಮೂಲೆಯಿಂದ ನುಗ್ಗುತ್ತಿದೆ, ರಸ್ತೆಯ ನೀರು ಗೇಟಿನೊಳಗೆ ತಿರುಗುತ್ತಿದೆಯೇ, ಮನೆಯ ಹಿಂಬದಿಯಲ್ಲಿ ಎಲ್ಲಿ ನಿಲ್ಲುತ್ತಿದೆ. ನೀರು ಒಳಬರುವ ಜಾಗಕ್ಕೆಲ್ಲ ಒಂದೊಂದು ಗೂಟ ಹೊಡೆದು ಬನ್ನಿ. ಕಾಲುವೆಯ ನಕ್ಷೆ ಅಲ್ಲಿಗೆ ಸಿದ್ಧವಾದಂತೆ.

ಮೊದಲ ಕಾಲುವೆ ಮನೆಗೆ ಮೇಲ್ಗಡೆ, ಇಳಿಜಾರಿಗೆ ಅಡ್ಡಲಾಗಿ. ಅಗಲ ಒಂದೂವರೆ ಅಡಿ, ಆಳ ಒಂದೂವರೆ ಅಡಿ, ತೆಗೆದ ಮಣ್ಣು ಕೆಳಗಿನ ಬದಿಗೆ ಬದುವಾಗಿ ಬೀಳಲಿ. 100 ಅಡಿ ಉದ್ದಕ್ಕೆ ಒಂದಡಿ ಇಳಿತ ಸಾಕು. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಗಾರೆ ಕೆಲಸದವರ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಅಳೆಯಿರಿ. ಇಳಿತ ಕಡಿಮೆಯಾದರೆ ಹೂಳು ಕೂತು ಕಾಲುವೆ ತುಂಬುತ್ತದೆ. ಹೆಚ್ಚಾದರೆ ತಳ ಕೊರೆದು ಎರಡು ವರ್ಷದಲ್ಲಿ ಕಾಲುವೆ ಹೋಗಿ ಕೊರಕಲಾಗುತ್ತದೆ. ಕಡಿದಾದ ಜಾಗದಲ್ಲಿ ಇಳಿಸಲೇಬೇಕಾದರೆ ಕಾಡುಕಲ್ಲು ಹಾಸಿ ಮೆಟ್ಟಿಲಿನಂತೆ ಇಳಿಸಿ. ಬದಿಯ ಹುಲ್ಲನ್ನು ಕೆತ್ತಬೇಡಿ, ಮಣ್ಣು ಹಿಡಿದಿಡುವುದು ಅದೇ. ತಳದ ಹುಲ್ಲು, ದರಗು (ಉದುರಿದ ಒಣ ಎಲೆ) ಮಾತ್ರ ತೆಗೆಯಿರಿ. ಕಾಲುವೆಯ ಬಾಯಿ ಮೊದಲಿನಿಂದ ನೀರು ಹರಿಯುತ್ತಿದ್ದ ಹಳ್ಳಕ್ಕೇ ಹೋಗಬೇಕು. ನಮ್ಮ ನೀರನ್ನು ಪಕ್ಕದವರ ತೋಟಕ್ಕೆ ಬಿಟ್ಟರೆ ಹೊಲ ಕೆಡುವುದಕ್ಕಿಂತ ಮೊದಲು ಮನಸ್ಸು ಕೆಡುತ್ತದೆ.

ತಗ್ಗಿನಲ್ಲಿ ಅಡಿಕೆ ಇದ್ದರೆ ಬಸಿಗಾಲುವೆಯ ಆಳವನ್ನು ಬೇರಿನ ಲೆಕ್ಕದಲ್ಲಿ ನೋಡಬೇಕು: ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದಡಿ ಕೆಳಗೆ. ಗುಂಡಿ ಎರಡೂವರೆ ಅಡಿಯಿದ್ದು ಕಾಲುವೆ ಒಂದೂವರೆ ಅಡಿಯಿದ್ದರೆ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಬೇರು ಮಾತ್ರ ನೀರಿನಲ್ಲೇ ನಿಂತಿರುತ್ತದೆ. ಗರಿ ಹಳದಿಯಾಯಿತೆಂದು ಗೊಬ್ಬರ ಸುರಿಯುವ ಮುಂಚೆ ಈ ಅಳತೆ ತೆಗೆದು ನೋಡಿ.

ಕಾಫಿಯೊಳಗಿನ ತೊಟ್ಟಿಲು ಗುಂಡಿಗಳ ಮಾತು ಬೇರೆ. ಒಂದಡಿ ಅಗಲ, ಒಂದೂವರೆ ಅಡಿ ಆಳದ ಈ ಗುಂಡಿಗಳು ಮಣ್ಣನ್ನೂ ನೀರನ್ನೂ ತಡೆದು ಗಿಡಕ್ಕೆ ಉಣಿಸುತ್ತವೆ. ಸಾಧಾರಣ ಇಳಿಜಾರಿನಲ್ಲಿ ಇವು ಬೇಕೇ ಬೇಕು. ಆದರೆ ಮನೆಯ ಮೇಲ್ಗಡೆ ಕಡಿದಾದ ಗುಡ್ಡವಿದ್ದರೆ ಅಲ್ಲಿ ಗುಂಡಿಯನ್ನೂ ತೆಗೆಯಬೇಡಿ, ಇಂಗುಹೊಂಡವನ್ನೂ ತೋಡಬೇಡಿ. ಇಂಗಿದ ನೀರು ಮಣ್ಣಿನ ತೂಕ ಹೆಚ್ಚಿಸಿ, ಒಳಗಿನ ಹಿಡಿತ ಸಡಿಲಿಸುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದದ್ದನ್ನು ಈ ಸೀಮೆಯವರು ಮರೆತಿಲ್ಲ. ಮನೆ ಹಿಂದೆ ಜೆಸಿಬಿಯಿಂದ ನೆಟ್ಟಗೆ ಕಡಿದ ದರೆಯಿದ್ದರೆ ಅದರ ನೆತ್ತಿಯ ಮೇಲೆ ಒಂದು ಹನಿ ನೀರೂ ನಿಲ್ಲದಂತೆ ನೋಡಿಕೊಳ್ಳಿ. ದರೆಯ ಮೇಲೆ ಇಳಿಜಾರಿಗೆ ಅಡ್ಡಲಾಗಿ ಬಿರುಕು ಬಿಟ್ಟರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು.

ಗೇಟಿನಿಂದ ಮನೆಯವರೆಗಿನ ಮಣ್ಣು ರಸ್ತೆಗೆ 30-40 ಅಡಿಗೊಂದರಂತೆ ಓರೆಯಾಗಿ ಅಡ್ಡಗಾಲುವೆ ಹೊಡೆದರೆ ಚಕ್ರದ ಗೆರೆಯಲ್ಲಿ ನೀರು ಓಡುವುದು ನಿಲ್ಲುತ್ತದೆ. ಮೋರಿಯೊಳಗಿನ ಹೂಳನ್ನು ಎರಡೂ ಕಡೆಯಿಂದ ತೆಗೆಸಿ.

ಹೆಂಚು, ಎರಚಲು

ಹೆಂಚಿನ ಮನೆಯಾದರೆ ಭರಣಿ ಹುಟ್ಟುವುದರೊಳಗೆ ಕೈಯಾಡಿಸಿ ಮುಗಿಯಬೇಕು. ಒಮ್ಮೆ ನೆನೆದು ಪಾಚಿ ಚಿಗುರಿದ ಹೆಂಚಿನ ಮೇಲೆ ಹತ್ತಿದರೆ ಜಾರುತ್ತದೆ. ಒಡೆದ ಹೆಂಚು ಕಣ್ಣಿಗೆ ಕಾಣದಿದ್ದರೂ ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತದೆ. ಗಟ್ಟಿ ಹೆಂಚು ಕಂಚಿನಂತೆ ನುಡಿಯುತ್ತದೆ, ಬಿರುಕಿನದು ಮಂಕು ಸದ್ದು. ಹತ್ತುವವರು ಪಕಾಸಿ (ಮಾಡಿನ ಭಾರ ಹೊರುವ ಉದ್ದ ಮರ) ಇರುವ ಸಾಲಿನಲ್ಲಿ ಏಣಿ ಮಲಗಿಸಿ ಅದರ ಮೇಲೆ ಹೆಜ್ಜೆ ಇಡಲಿ, ಬರಿ ಹೆಂಚಿನ ಮೇಲಲ್ಲ. ಹೆಂಚಿನ ಕಾಲುವೆಯಲ್ಲಿ ಕೂತ ದರಗು, ಪಾಚಿಯನ್ನು ಒಣ ಪೊರಕೆಯಿಂದ ತೆಗೆದರಾಯಿತು. ಸೋರುವ ಹತ್ತು ಮನೆಗಳಲ್ಲಿ ಬಹುಪಾಲಿನದು ಒಡೆದ ಹೆಂಚಿನ ದೋಷವಲ್ಲ, ದರಗು ಕಟ್ಟಿಕೊಂಡು ನೀರು ಹಿಮ್ಮುಖ ಹತ್ತಿದ್ದು. ಎರಡು ಮಾಡು ಕೂಡುವ ಮೂಲೆಯ ತಗಡನ್ನು ತಪ್ಪದೆ ನೋಡಿ. ಸಣ್ಣ ತೂತಿದ್ದರೂ ಕೆಳಗಿನ ತೊಲೆ ಕೊಳೆಯುತ್ತದೆ. ಹೆಂಚು ಕೂರುವ ರೀಪು ಮೆತ್ತಗಾಗಿದ್ದರೆ ಈಗಲೇ ಬದಲಿಸಿ. ಅದೇ ಅಚ್ಚಿನ 25 ಹೆಂಚು ಮನೆಯಲ್ಲಿ ಹೆಚ್ಚಿಗೆ ಇರಲಿ. ಬೇರೆ ಕಾರ್ಖಾನೆಯ ಹೆಂಚು ಮೇಲುನೋಟಕ್ಕೆ ಒಂದೇ ಥರ ಕಂಡರೂ ಹಲ್ಲು ಕೂರುವುದಿಲ್ಲ.

ಮಳೆ ಹೊಡೆಯುವುದು ಪಡುವಣ, ತೆಂಕಣ ದಿಕ್ಕಿನಿಂದ. ಆ ಬದಿಯ ಜಗುಲಿಗೆ ತಟ್ಟಿ ಕಟ್ಟಿಸಿ. ತೆಂಗಿನ ಗರಿಯದ್ದಾದರೂ ಸರಿ, ಟಾರ್ಪಾಲಾದರೂ ಸರಿ, ಕೆಳಗೆ ಅರ್ಧ ಅಡಿ ಗಾಳಿಯಾಡಲು ಬಿಡಬೇಕು. ಮಣ್ಣಿನ ಗೋಡೆಯಿದ್ದರೆ ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಎರಡಡಿ ಅಗಲ ಜಲ್ಲಿ ಹಾಸಿ, ಇಲ್ಲವಾದರೆ ಸಿಡಿದ ಕೆಸರು ಗೋಡೆಯ ಬುಡವನ್ನು ತಿನ್ನುತ್ತದೆ.

ಸೌದೆ

ಗ್ಯಾಸ್ ಇದ್ದರೂ ಬಚ್ಚಲ ಹಂಡೆಗೆ ಸೌದೆ ಬೇಕು. ಒಂದು ದಿನಕ್ಕೆ ಉರಿಯುವ ಸೌದೆಯನ್ನು ತೂಕ ಹಾಕಿ ಮಳೆಗಾಲದ ದಿನಗಳಾದ 120ರಿಂದ ಗುಣಿಸಿ. 5 ಕೆಜಿ ಎಂದರೂ 6 ಕ್ವಿಂಟಾಲ್ ಆಯಿತು. ಅದರ ಮೇಲೆ ನಾಲ್ಕನೇ ಒಂದು ಪಾಲು ಹೆಚ್ಚಿಗೆ ಇಡಿ, ಬಟ್ಟೆ ಒಣಗಿಸಲು, ಕೊಟ್ಟಿಗೆಯಲ್ಲಿ ಹೊಗೆ ಹಾಕಲು ಬೇಕಾಗುತ್ತದೆ.

ಎಲ್ಲರೂ ತಪ್ಪುವುದು ಒಂದೇ ಕಡೆ. ಮೇ ತಿಂಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಆದಾಗ ಬಿದ್ದ ಕೊಂಬೆಗಳನ್ನು ಈ ಮಳೆಗಾಲಕ್ಕೆಂದು ಒಟ್ಟುತ್ತಾರೆ. ಹಸಿ ಕೊಂಬೆ ಮೂರು ವಾರದಲ್ಲಿ ಒಣಗುವುದಿಲ್ಲ. ಹಸಿ ಸೌದೆಯ ಬೆಂಕಿ ತನ್ನೊಳಗಿನ ನೀರು ಆರಿಸುವುದಕ್ಕೇ ಖರ್ಚಾಗಿ, ಹಂಡೆಗೆ ಕಾವು ತಟ್ಟದೆ ಮನೆ ತುಂಬ ಹೊಗೆ, ಗೋಡೆಗೆ ಕರಿ. ಈ ವರ್ಷದ ಮರಗಸಿ ಮುಂದಿನ ವರ್ಷದ ಒಲೆಗೆ. ಈಗ ಉರಿಸಬೇಕಾದ್ದು ಹೋದ ವರ್ಷದ್ದು, ಇಲ್ಲವೇ ಜನವರಿ, ಫೆಬ್ರವರಿಯಲ್ಲಿ ಕಡಿದು ಸೀಳಿ ಬಿಸಿಲಿಗೆ ಹಾಕಿದ್ದು.

ಕಿತ್ತ ಕಾಫಿ ಬುಡ ಎಲ್ಲಕ್ಕಿಂತ ಚೆನ್ನ: ನಿಧಾನ ಉರಿದು ಗಟ್ಟಿ ಕೆಂಡ ಬಿಡುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಬೆಳಗಿನ ಆತುರಕ್ಕೆ ಸರಿ. ಹಾಲುವಾಣ ಹಗುರ, ಸೌದೆಯೆಂದು ಜಾಗ ಕೊಡುವಷ್ಟು ಯೋಗ್ಯವಲ್ಲ. ಹತ್ತಿಸಲು ತೆಂಗಿನ ಹೊಂಬಾಳೆ, ಅಡಿಕೆ ಹಾಳೆ, ಅಡಿಕೆ ಸಿಪ್ಪೆಯನ್ನು ಎರಡು ಗೋಣಿ ಬೇರೆಯಾಗಿ ತುಂಬಿ ಅಟ್ಟದಲ್ಲಿಡಿ.

ಮುಂಗೈ ದಪ್ಪಕ್ಕೆ ಸೀಳಿ, ಒಂದೂವರೆ ಅಡಿಗೆ ತುಂಡು ಮಾಡಿ. ಎರಡು ತುಂಡನ್ನು ಒಂದಕ್ಕೊಂದು ಬಡಿದಾಗ ಟಣ್ ಎಂದರೆ ಒಣಗಿದೆ, ದಬ್ ಎಂದರೆ ಇನ್ನೂ ಬಿಸಿಲು ಬೇಕು. ಒಟ್ಟುವುದು ಮನೆಯ ಮೂಡಣ ಬದಿಗೆ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಕಲ್ಲಿನ ಮೇಲೆ ಅಡ್ಡಕ್ಕೆ ಗಳ ಹಾಕಿ, ಗೋಡೆಗೆ ಒಂದು ಗೇಣು ಬಿಟ್ಟು. ಗೋಡೆಗೆ ತಾಗಿಸಿದರೆ ಗೆದ್ದಲು ಸೌದೆಯಿಂದ ಕಿಟಕಿಯ ದಾರಂದಕ್ಕೆ ಸಲೀಸಾಗಿ ಹತ್ತುತ್ತದೆ. ಟಾರ್ಪಾಲನ್ನು ಮೇಲೆ ಮಾತ್ರ ಹೊದಿಸಿ. ನಾಲ್ಕೂ ಬದಿ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಅಡಿಕೆಗೆ, ಮೆಣಸಿಗೆ ಬೋರ್ಡೋ

ಅಡಿಕೆ ನೂರು ಮರವಿದ್ದರೂ ಸಾವಿರವಿದ್ದರೂ ಕೊಳೆರೋಗಕ್ಕೆ ಮುನ್ನವೇ ಔಷಧಿ ಹೊಡೆಯಬೇಕು. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವು ರೋಗ ವಾಸಿಮಾಡುವ ಮದ್ದಲ್ಲ, ಕಾಯಿಯ ಮೇಲೆ ಕೂತು ರೋಗಕ್ಕೆ ಬಾಗಿಲು ಹಾಕುವಂಥದ್ದು. ರೋಹಿಣಿ ಮಳೆಯ ಹೊತ್ತಿಗೆ ಮೊದಲ ಸಲ, ಅದಾಗಿ 40-45 ದಿನಕ್ಕೆ ಎರಡನೇ ಸಲ. ಮಳೆ ಎಳೆದರೆ ಮೂರನೆಯದೂ ಬೇಕಾಗುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಮೇ ಮೊದಲ ವಾರವೇ ಹೇಳಿಡಿ, ಆಮೇಲೆ ಊರಿಗೆಲ್ಲ ಅವರೇ ಬೇಕು.

ಶೇಕಡ 1ರ ಬೋರ್ಡೋ 100 ಲೀಟರಿಗೆ ಬೇಕಾದ್ದು 1 ಕೆಜಿ ಮೈಲುತುತ್ತ, 1 ಕೆಜಿ ಸುಟ್ಟ ಸುಣ್ಣ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಲಿ. ಕಬ್ಬಿಣದ ಡ್ರಮ್ಮು, ತಗಡಿನ ಬಕೆಟ್ಟು ಮೈಲುತುತ್ತದ ಜೊತೆ ಸೇರಿ ದ್ರಾವಣವನ್ನೂ ಕೆಡಿಸಿ ತಾವೂ ತೂತಾಗುತ್ತವೆ.

ಹಿಂದಿನ ರಾತ್ರಿಯೇ ಮೈಲುತುತ್ತವನ್ನು ಗೋಣಿ ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಕರಗಿದ್ದು ಭಾರವಾಗಿ ಕೆಳಗಿಳಿಯುತ್ತ ಬೆಳಗಾಗುವುದರೊಳಗೆ ಪೂರ್ತಿ ಕರಗಿರುತ್ತದೆ. ತಳಕ್ಕೆ ಸುರಿದರೆ ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಬೆಳಿಗ್ಗೆ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಬುಸುಗುಟ್ಟಿ ಬಿಸಿಯೇರಿ ಅರಳಿದರೆ ಸುಣ್ಣ ತಾಜಾ. ಸುಮ್ಮನೆ ನೆನೆದು ಕೂತರೆ ಗಾಳಿಗೆ ಸತ್ತ ಸುಣ್ಣ. ಅದನ್ನು ಬಳಸಬೇಡಿ, ಮೈಲುತುತ್ತದ ಹುಳಿ ಮುರಿಯದೆ ಎಳೆ ಕಾಯಿ ಸುಡುತ್ತದೆ. ಈ ಹೊತ್ತಿನಲ್ಲಿ ಮುಖ ಹತ್ತಿರ ತರಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಅರಳಿದ ಸುಣ್ಣ ತಣ್ಣಗಾದ ಮೇಲೆ 50 ಲೀಟರಿಗೆ ನೀರು ಕೂಡಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಅರ್ಧ ದಿನದ ಕೆಲಸ ಹಾಳಾಗುವುದು ನಾಜಲಿನಲ್ಲಿ ಸಿಕ್ಕಿದ ಒಂದು ಸುಣ್ಣದ ಹರಳಿನಿಂದ.

ಇನ್ನು ಬೆರೆಸುವುದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಹುಯ್ಯುತ್ತ, ಇನ್ನೊಬ್ಬರು ಮರದ ಕೋಲಿನಿಂದ ಬಿಡದೆ ತಿರುಗಿಸುತ್ತಿರಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಹುಯ್ದರೆ ಕಣಗಳು ದಪ್ಪವಾಗಿ ತಳ ಸೇರುತ್ತವೆ, ಕಾಯಿಗೆ ಅಂಟುವುದಿಲ್ಲ. ಆದದ್ದು ತಿಳಿ ಆಕಾಶ ನೀಲಿ ಬಣ್ಣ ಇರಬೇಕು. ಉಜ್ಜಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ: ಕೆಂಪಗೆ ತಾಮ್ರ ಹತ್ತಿದ್ದರೆ ಹುಳಿ ಉಳಿದಿದೆ, ಸುಣ್ಣದ ನೀರು ಇನ್ನಷ್ಟು ಹಾಕಿ ಮತ್ತೆ ಅದ್ದಿ ನೋಡಿ. ಚೂರಿ ಬಿಳಿಯಾಗೇ ಬಂದರೆ ಔಷಧಿ ಸಿದ್ಧ.

ಬೆರೆಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ರಾತ್ರಿ ಕಳೆದ ಬೋರ್ಡೋ ನೋಡಲು ಹಾಗೇ ಇದ್ದರೂ ಅಂಟುಗುಣ ಹೋಗಿರುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕರಗಿಸಿಟ್ಟು, ಹೊತ್ತು ಹೊತ್ತಿಗೆ ಬೇಕಾದಷ್ಟೇ ಬೆರೆಸುವುದು ಜಾಣತನ. ಗೊನೆ ಒದ್ದೆಯಿರುವಾಗ ಹೊಡೆಯಬೇಡಿ. ಹೊಡೆದ ಮೇಲೆ ಕೆಲವು ಗಂಟೆಯಾದರೂ ಒಣಗಲು ಬಿಸಿಲೋ ಗಾಳಿಯೋ ಬೇಕು. ಗೊನೆಯ ಒಳಗಿನ ಕಾಯಿಗೂ ತಾಗುವಂತೆ ಎರಡು ಬದಿಯಿಂದ ಹೊಡೆಯಲು ಹೇಳಿ. ಆಷಾಢದಲ್ಲಿ ಬುಡದಲ್ಲಿ ಹಸಿರು ಕಾಯಿ ಉದುರಿ, ತೊಟ್ಟಿನ ಕಡೆ ನೀರಿಳಿದ ಕಲೆ, ಮೇಲೆ ಬಿಳಿ ಬೂಷ್ಟು ಕಂಡರೆ ಅದೇ ಕೊಳೆ. ಉದುರಿದ್ದನ್ನು ಆರಿಸಿ ತೋಟದಿಂದ ಹೊರಗೆ ಸಾಗಿಸಿ, ಹೊಳವಾದ (ಮಳೆ ಬಿಡುವು ಕೊಟ್ಟ) ಮೊದಲ ದಿನವೇ ಮತ್ತೆ ಹೊಡೆಸಿ.

ಕಾಳುಮೆಣಸಿನ ಬಳ್ಳಿಗೂ ಇದೇ ಬೋರ್ಡೋ ಸಲ್ಲುತ್ತದೆ. ಅದರ ಜೊತೆ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ, ಬಳ್ಳಿಯ ಗಾತ್ರ ನೋಡಿ 5ರಿಂದ 10 ಲೀಟರ್ ಹುಯ್ಯಿರಿ. ಸೊರಗು ರೋಗ ಬೇರಿನಿಂದಲೂ ಬರುತ್ತದೆ, ನೆಲದ ಮಣ್ಣು ಸಿಡಿದು ಕೆಳಗಿನ ಎಲೆಯಿಂದಲೂ ಹತ್ತುತ್ತದೆ. ನೆಲಕ್ಕೆ ಹರಿದ ಹಂಬನ್ನು ಕತ್ತರಿಸಿ ಇಲ್ಲವೇ ಮರಕ್ಕೆ ಎತ್ತಿ ಕಟ್ಟಿ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ, ಆದರೆ ಗುದ್ದಲಿ ಆಳಕ್ಕೆ ಹಾಕಬೇಡಿ, ಗಾಯವಾದ ಬೇರೇ ರೋಗದ ಬಾಗಿಲು. ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಹಾಕುವವರು ತಾಮ್ರದ ಔಷಧಿಯ ಜೊತೆಗೆ ಹಾಕಿದರೆ ಅದು ಸಾಯುತ್ತದೆ. ನಡುವೆ ಕೆಲವು ವಾರ ಬಿಡಿ.

ಔಷಧಿ ಬಿದ್ದ ಹುಲ್ಲನ್ನು ದನಕ್ಕೆ ಹಾಕಬೇಡಿ. ಕುರಿಗಂತೂ ತಾಮ್ರ ಸ್ವಲ್ಪವೂ ಆಗದು. ಡ್ರಮ್ಮು ತೊಳೆದ ನೀರು ಹಳ್ಳಕ್ಕೆ ಹೋದರೆ ಮೀನು ಸಾಯುತ್ತವೆ. ತೋಟದ ಒಣ ಮೂಲೆಯಲ್ಲಿ ಗುಂಡಿ ತೋಡಿ ಅಲ್ಲಿ ಚೆಲ್ಲಿ.

ಕಾಫಿ ಗಿಡಗಳಿದ್ದರೆ ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ತೆಗೆದು ಗಿಡದ ನೆತ್ತಿ ಬಿಡಿಸಿ, ನಡುವೆ ಗಾಳಿ ಬೆಳಕು ಆಡುವಂತೆ ಮಾಡಿದರೆ ಎಲೆ ಕಾಯಿ ಕಪ್ಪಾಗಿ ಜೋತಾಡುವ ಕೊಳೆ ಅರ್ಧ ಕಡಿಮೆಯಾದ ಹಾಗೆಯೇ. ಗಿಡದ ಮೇಲೆ ಬಿದ್ದ ಮರದೆಲೆಯನ್ನೂ ಕೊಡವಿ ತೆಗೆಯಬೇಕು.

ಕೊಟ್ಟಿಗೆ, ಹಿತ್ತಿಲು, ಬಾವಿ

ಗಳಲೆ ಮತ್ತು ಚಪ್ಪೆ ರೋಗದ ಲಸಿಕೆಯನ್ನು ಮಳೆ ಹಿಡಿಯುವ ಮೊದಲೇ ಪಶು ಆಸ್ಪತ್ರೆಯಲ್ಲಿ ಹಾಕಿಸಿ. ಲಸಿಕೆ ಕೆಲಸ ಮಾಡಲು ಎರಡು ಮೂರು ವಾರ ಬೇಕು. ಒಂದು ಹಸುವಿಗೆ ದಿನಕ್ಕೆ 5 ಕೆಜಿ ಒಣಹುಲ್ಲು ಲೆಕ್ಕ ಹಾಕಿ ಅಟ್ಟಕ್ಕೇರಿಸಿ. ಕಾಲಡಿಗೆ ಹಾಸಲು ದರಗನ್ನು ಈಗಲೇ ಗುಡಿಸಿ ತುಂಬಿಡಬೇಕು, ಜೂನಿನಲ್ಲಿ ಒಣ ದರಗು ಎಂಬುದೇ ಸಿಗದು. ಗೊಬ್ಬರದ ಗುಂಡಿಯಲ್ಲಿ ಕಳಿತದ್ದನ್ನು ತೋಟಕ್ಕೆ ಹೊರಿಸಿ ಮಣ್ಣು ಮುಚ್ಚಿ, ಉಳಿದದ್ದಕ್ಕೆ ಮಾಡು ಕಟ್ಟಿ. ಮಳೆಗೆ ತೆರೆದಿಟ್ಟ ಗುಂಡಿಯಿಂದ ಕಂದು ನೀರು ಹರಿಯುತ್ತಿದ್ದರೆ ಸಾರವೆಲ್ಲ ಅದರಲ್ಲೇ ಹೋಯಿತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತು ಹಿತ್ತಿಲಿಗೆ ಸರಿಯಾಗಿ ಹೊಂದುತ್ತದೆ. ಆ ಹದಕ್ಕೆ ಸೌತೆ, ಹೀರೆ, ಹಾಗಲ, ಪಡವಲದ ಬೀಜ ಬಿದ್ದರೆ ಆರಿದ್ರೆಯ ಹೊತ್ತಿಗೆ ಬಳ್ಳಿ ಚಪ್ಪರ ಹತ್ತಿರುತ್ತದೆ. ಮೃಗಶಿರೆಗೆ ಬಿತ್ತಿದ ಬೀಜ ಮೊಳಕೆಯಲ್ಲೇ ಕೊಳೆಯುವುದು ಹೆಚ್ಚು. ಶುಂಠಿ, ಅರಿಶಿನಕ್ಕೆ ಒಂದಡಿ ಎತ್ತರದ ಪಾತಿ ಮಾಡಿ ಮೇಲೆ ಸೊಪ್ಪು ಹೊದಿಸಿ. ಶುಂಠಿಯನ್ನು ಹೋದ ವರ್ಷ ಕೊಳೆ ಬಂದ ಜಾಗಕ್ಕೆ ಮತ್ತೆ ಹಾಕಬೇಡಿ.

ಬಾವಿಯ ನೀರನ್ನು ಮೊದಲ ಎರಡು ಜೋರು ಮಳೆಯಾದ ಮೇಲೆ ಶುದ್ಧ ಮಾಡಬೇಕು. ಬಾವಿಯ ಅಡ್ಡಳತೆಯನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಅಡಿ ಅಗಲ, 10 ಅಡಿ ನೀರಿದ್ದರೆ ಸುಮಾರು 14,000 ಲೀಟರ್. ತಾಜಾ ಬ್ಲೀಚಿಂಗ್ ಪುಡಿ 1,000 ಲೀಟರಿಗೆ 2.5 ಗ್ರಾಂನಂತೆ 35 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಗಸಿ ಬಿಟ್ಟು ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಇಳಿಸಿ, ಬೆಳಿಗ್ಗೆ ಬಳಸಿ. ನೀರು ಕದಡಿದ್ದರೆ ಪುಡಿಯ ಬಲ ಕೆಸರಿಗೇ ಹೋಗುತ್ತದೆ, ತಿಳಿಯಾಗುವವರೆಗೆ ಕಾಯಿರಿ. ಕುಡಿಯಲು ಕುದಿಸಿದ ನೀರೇ ಇರಲಿ.

ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ನೀವೇ ಕಡಿಯಬೇಡಿ. ಹಾಸನ ಜಿಲ್ಲೆಯವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ಕಚೇರಿಗೆ ಮೇ ತಿಂಗಳಲ್ಲೇ ಬರೆದು ಕೊಡಿ. ಮಳೆಯಲ್ಲಿ ತಂತಿ ಬಿದ್ದರೆ ಎರಡಕ್ಕೂ 1912. ಹಪ್ಪಳ, ಸಂಡಿಗೆ, ರಾಗಿ, ಬೇಳೆಗಳಿಗೆ ಭರಣಿಯ ಬಿಸಿಲು ತೋರಿಸಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಿರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ.

ಮಳೆ ಹಿಡಿದ ಮೇಲೆ

ಮೊಣಕಾಲಿನವರೆಗಿನ ಬೂಟು ಹಾಕದೆ ತೋಟಕ್ಕೆ ಇಳಿಯಬೇಡಿ. ಇಂಬಳಕ್ಕೆ ಕಾಲಿಗೆ ಹೊಗೆಸೊಪ್ಪಿನ ಪುಡಿ ಕಲಸಿದ ಎಣ್ಣೆ ಸವರಿಕೊಳ್ಳಿ. ಕಚ್ಚಿದ್ದನ್ನು ಎಳೆಯದೆ ಉಪ್ಪು ಸೋಕಿಸಿದರೆ ತಾನೇ ಬೀಳುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ, ಕೈಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ.

ಅಂಗಳದ ಬಯಲಿನಲ್ಲಿ ನೆಟ್ಟಗಿನ ಬದಿಯ ಒಂದು ಡಬ್ಬಿ ಇಟ್ಟು ಬೆಳಿಗ್ಗೆ ಎಂಟಕ್ಕೆ ಅಳತೆಪಟ್ಟಿ ಇಳಿಸಿ ನೋಡಿ, ಪುಸ್ತಕದಲ್ಲಿ ಬರೆದು ಚೆಲ್ಲಿ. 3 ಇಂಚು ದಾಟಿದ ದಿನವೆಲ್ಲ ಗುದ್ದಲಿ ಹಿಡಿದು ಮೇಲಿನ ಕಾಲುವೆಯುದ್ದಕ್ಕೂ ಒಮ್ಮೆ ನಡೆಯಬೇಕು. ಬಿದ್ದ ಒಂದು ಅಡಿಕೆ ಸೋಗೆ ಸಾಕು, ಅದಕ್ಕೆ ದರಗು ಸಿಕ್ಕಿ, ದರಗಿಗೆ ಮಣ್ಣು ಸಿಕ್ಕಿ, ಕಾಲುವೆ ತುಂಬಿ ನೀರು ಮನೆಯ ಕಡೆಗೆ ತಿರುಗುತ್ತದೆ. ಎರಡನೇ ಬೋರ್ಡೋದ ದಿನವನ್ನು ಮೊದಲ ಸಲ ಹೊಡೆದ ಸಂಜೆಯೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೇ 30ಕ್ಕೆ ಹೊಡೆಸಿದ್ದರೆ ಅದು ಜುಲೈ 9ರಿಂದ 14ರೊಳಗೆ, ಪುನರ್ವಸುವಿನ ನಟ್ಟ ನಡುವೆ ಬರುತ್ತದೆ. ಆಗ ಹೊಳವು ಸಿಗುವುದು ಅರ್ಧ ದಿನ ಮಾತ್ರ. ಮೈಲುತುತ್ತ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟ ಸುಣ್ಣ, ಸೋಸುವ ಬಟ್ಟೆ ಮೂರೂ ಅಂದು ಕೈಗೆ ಸಿಗುವ ಹಾಗಿರಲಿ.